ಕೈ ಹೋಗುವಷ್ಟು ಬಿಡುವು

ಬ್ರುನೋ ಸತ್ತದ್ದು ೧೯೭೧ರ ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಮರುದಿನದಿಂದ ಈಸ್ಟರ್‌ಗೆ ಮುಂಚಿನ ಉಪವಾಸ ಶುರು. ಹಾಗಾಗಿ ಡೆಟ್ರಾಯಿಟ್ ಪಕ್ಕದ ಹ್ಯಾಮ್‌ಟ್ರ್ಯಾಮಿಕ್‌ನ ಪೋಲಿಷ್ ಬೇಕರಿಗಳ ಮುಂದೆ ಅಂದು ಬೀದಿಯುದ್ದ ಜನ. ಅವನ ಹೆಂಡತಿ ಹಲೀನಾ ಅಂಥದೊಂದು ಬೇಕರಿಯ ಕೌಂಟರಿನ ಹಿಂದೆ ನಿಂತು, ಪ್ಲಮ್ ಹಣ್ಣಿನ ಪಾಕ ತುಂಬಿ ಕರಿದ ಪೊಂಚ್ಕಿ ಎಂಬ ಸಿಹಿಬನ್ನುಗಳನ್ನು ಡಜನ್‌ಗಟ್ಟಲೆ ಡಬ್ಬಿಗೆ ಹಾಕಿ ದಾರ ಕಟ್ಟಿ ಕೊಡುತ್ತಿದ್ದಳು. ಅವಳ ತಮ್ಮ ಜೆನನ್ ಗವ್ರಾನ್, ಕಾರು ಕಾರ್ಖಾನೆಯಲ್ಲಿ ಬ್ರುನೋನಿಂದ ಹನ್ನೆರಡು ಅಡಿ ದೂರದಲ್ಲಿ, ಪಕ್ಕದ ಪ್ರೆಸ್ಸಿನ ಮುಂದೆ ನಿಂತಿದ್ದ.

ಅದು ಕಾರಿನ ಬಾಗಿಲುಗಳನ್ನು ಒತ್ತುವ ಶೆಡ್ಡು. ತಗಡು ಇಟ್ಟರೆ ಪ್ರೆಸ್ಸು ಎರಡು ಏಟು ಹಾಕಿ ಮೇಲೆದ್ದು ಒಂದು ಉಸಿರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಿತ್ತು. ಅಷ್ಟರಲ್ಲಿ ಕೈ ಒಳಗೆ ಹಾಕಿ, ಒತ್ತಿದ ಬಾಗಿಲು ತೆಗೆದು, ಹೊಸ ತಗಡು ಕೂರಿಸಬೇಕು. ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಇಳಿಯಬೇಕೆಂದು ಮಾಡಿದ್ದರು. ಎರಡೂ ಕೈ ಗುಂಡಿಯ ಮೇಲಿದ್ದರೆ ಪ್ರೆಸ್ಸಿನೊಳಗೆ ಕೈ ಇರುವುದಿಲ್ಲವಲ್ಲ. ಆದರೆ ಗಂಟೆಗೆ ಹತ್ತು ಬಾಗಿಲು ಹೆಚ್ಚು ಬೇಕಾಗಿದ್ದ ಫೋರ್‌ಮನ್ ಕ್ರ್ಯಾಂಡಲ್, ಎಡಗಡೆಯ ಗುಂಡಿಗಳಿಗೆಲ್ಲ ಮರದ ಬೆಣೆ ಹೊಡೆದು ಒತ್ತಿದಂತೆಯೇ ನಿಲ್ಲಿಸಿಬಿಟ್ಟಿದ್ದ. ಈಗ ಬಲಗುಂಡಿಯನ್ನು ಒಮ್ಮೆ ತಟ್ಟಿದರೆ ಸಾಕು, ಒಳಗೆ ಕೈ ಇದೆಯೋ ಇಲ್ಲವೋ ನೋಡದೆ ಪ್ರೆಸ್ಸು ಒಂದೇ ಸಮನೆ ಇಳಿದೇಳುತ್ತಿತ್ತು. ಬ್ರುನೋನ ಪ್ರೆಸ್ಸಿಗೆ ಸೋಮವಾರ ಸಂಜೆ ಅವನೇ ಸುತ್ತಿಗೆ ಹಿಡಿದು ಹೊಡೆದದ್ದನ್ನು ಜೆನನ್ ಕಣ್ಣಾರೆ ಕಂಡಿದ್ದ.

ಆಂಬುಲೆನ್ಸ್ ಬರುವ ಹೊತ್ತಿಗೆ ಬ್ರುನೋನ ಭುಜದಿಂದ ಹರಿದ ರಕ್ತ ಜೆನನ್‌ನ ಬೂಟಿನ ತನಕ ಬಂದಿತ್ತು. ಬೆಣೆ ಮಾತ್ರ ಅಲ್ಲಿರಲಿಲ್ಲ. ನೆಲ ತೊಳೆದು ಪ್ರೆಸ್ಸುಗಳ ಸಾಲನ್ನು ಮತ್ತೆ ಓಡಿಸುವುದಕ್ಕೆ ನಲವತ್ತು ನಿಮಿಷ ಹಿಡಿಯಿತು.

ಮಧ್ಯಾಹ್ನ ಕ್ರ್ಯಾಂಡಲ್ ಜೆನನ್‌ನನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಟೈಪ್ ಮಾಡಿದ ನಾಲ್ಕು ಸಾಲಿನ ಕಾಗದವಿತ್ತು.

"ನೀನು ನಿನ್ ಪ್ರೆಸ್ ಕಡೆ ತಿರುಗಿದ್ದೆ, ಅಲ್ವಾ?" ಎಂದ.

ಜೆನನ್ ಕಾಗದದ ಕಡೆ ನೋಡಿದ.

"ತಿರುಗಿದ್ದೆ. ಕೆಲಸ ಮಾಡೋನು ಕೆಲಸ ನೋಡ್ತಾನೆ, ಪಕ್ಕದೋನ್ನ ನೋಡಲ್ಲ. ಏನೂ ನೋಡ್ಲಿಲ್ಲ ಅಂತ ಬರೆದಿದೀವಿ. ಸೈನ್ ಹಾಕಿ ಮನೆಗೆ ಹೋಗು. ನಾಳೇನೂ ರಜ ತಗೋ. ನಾಡಿದ್ದು ನಿನ್ ಕೆಲಸ ನಿನಗೆ ಇದ್ದೇ ಇರುತ್ತೆ."

ಆ ಕೊನೆಯ ಮಾತು ಯಾಕೆ ಬಂತೆಂದು ಜೆನನ್‌ಗೆ ಅರ್ಥವಾಯಿತು. ಸೈನ್ ಹಾಕಿದ. ಅಕ್ಷರಗಳು ಯಾವತ್ತಿನಷ್ಟೇ ನೆಟ್ಟಗೆ ಬಿದ್ದವು. ಆಮೇಲೆ ಎಷ್ಟೋ ದಿನ ಅವನನ್ನು ಸುಟ್ಟದ್ದು ಅದೇ, ಆ ನೆಟ್ಟನೆಯ ಸೈನ್.

ಕಂಪನಿಯ ವರದಿ ಎರಡು ವಾರದಲ್ಲಿ ಬಂತು. ಸಾವಿಗೆ ಕಾರಣ: ಕೆಲಸಗಾರನ ಅಜಾಗರೂಕತೆ. ಅದರ ಹಿಂದೆಯೇ ಕ್ರ್ಯಾಂಡಲ್ ಹೆಂಡತಿಯ ಜೊತೆ ಹಲೀನಾಳ ಮನೆಗೆ ಬಂದ. ಮಾಂಸ ಮುಟ್ಟದ ಉಪವಾಸದ ದಿನಗಳಲ್ಲಿ ಕೈಯಲ್ಲೊಂದು ದೊಡ್ಡ ಹಂದಿತೊಡೆ ಹಿಡಿದು ಬಂದಿದ್ದ.

"ಬ್ರುನೋ ಒಳ್ಳೇ ಹುಡುಗ," ಎಂದ ಸೋಫಾದಲ್ಲಿ ಕೂತು. "ಆದ್ರೆ ಮೇಡಂ, ಹಿಂದಿನ ರಾತ್ರಿ ಏನಾದ್ರೂ ಕುಡಿದಿದ್ನಾ? ಫಾರಂನಲ್ಲಿ ಒಂದು ಜಾಗ ಖಾಲಿ ಇದೆ, ಅದಕ್ಕೆ ಕೇಳ್ದೆ."

ಹಲೀನಾ ಎದ್ದು ಹಂದಿತೊಡೆಯನ್ನು ತೆಗೆದು ಅವನ ಹೆಂಡತಿಯ ಮಡಿಲಲ್ಲಿ ಇಟ್ಟಳು. "ಕುಡಿದಿದ್ದ," ಎಂದಳು. "ಒಂದು ಲೋಟ ಹಾಲು. ಬರ್ಕೊಳ್ಳಿ. ಆಮೇಲೆ ಎದ್ದು ಹೋಗಿ."

ಜೆನನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಅಕ್ಕ ಅವನತ್ತ ತಿರುಗಿ ಕೇಳಿದಳು: "ನೀನು ಅಲ್ಲೇ ಇದ್ಯಲ್ಲ. ಅದು ಹೇಗೆ ಆಯ್ತೋ?"

"ನಾನು ನನ್ ಪ್ರೆಸ್ ಕಡೆ ತಿರುಗಿದ್ದೆ," ಎಂದ.

ಆಮೇಲಿನ ವಾರಗಳಲ್ಲಿ ಅವನಿಗೆ ಪ್ರೆಸ್ಸಿನ ಸದ್ದು ಬಿಟ್ಟರೆ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಎರಡು ಏಟು, ಬಿಡುವು. ಎರಡು ಏಟು, ಬಿಡುವು. ಬಸ್ಸಿನಲ್ಲಿ, ಚರ್ಚಿನಲ್ಲಿ, ಹಲ್ಲುಜ್ಜುವಾಗಲೂ ಅದೇ. ಒಂದು ಶನಿವಾರ ಮಧ್ಯಾಹ್ನ ಡ್ವೈಟ್‌ನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಗಿಟಾರ್ ಎತ್ತಿಕೊಂಡಾಗ ಬೆರಳಿಗೆ ಬಂದದ್ದೂ ಅದೇ: ದಪ್ಪ ತಂತಿಯ ಮೇಲೆ ಎರಡು ಏಟು, ಆಮೇಲೆ ಏನೂ ಇಲ್ಲ.

ಡ್ವೈಟ್ ಟಾಲಿವರ್, ಜೆನನ್ ಗಿಟಾರ್ ಬಾರಿಸುತ್ತಿದ್ದ ಮೂವರ ವಾದ್ಯತಂಡದ ಡ್ರಮ್ಮರ್. ಅದೇ ಕಾರ್ಖಾನೆಯಲ್ಲಿ ಎರಡನೇ ಪಾಳಿಯ ಕೆಲಸ. ತಂದೆತಾಯಿ ಅಲಬಾಮದಿಂದ ಬಂದವರು. ಅವನು ಡ್ರಮ್ ಬಾರಿಸಲು ಕೋಲು ಎತ್ತಿದವನು ಅಲ್ಲೇ ನಿಂತ.

"ಅದು ಬ್ರುನೋನ ಆರನೇ ನಂಬರ್ ಪ್ರೆಸ್ಸಲ್ವೇನೋ?"

"ಹೂಂ."

"ಇನ್ನೊಂದ್ಸಲ ಬಾರಿಸು."

ಜೆನನ್ ಬಾರಿಸಿದ. ಡ್ವೈಟ್ ಸೇರಿಕೊಂಡ. ಬಿಡುವು ಬಂದಾಗ ಅವನು ಮನಸ್ಸಿನಲ್ಲಿ ಎಣಿಸಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿ, ಕಾಣದ ಬಾಗಿಲೊಂದನ್ನು ಎತ್ತಿ ಪಕ್ಕಕ್ಕಿಟ್ಟು, ಕಾಣದ ತಗಡು ಕೂರಿಸಿ, ಕೈ ಹಿಂದೆ ತೆಗೆದು ಹೊಡೆದ. ಅವನ ಏಟು ಜೆನನ್‌ನ ಏಟಿನ ಮೇಲೇ ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹಾಡುವವನು ಲಾಯ್ಡ್ ಪ್ರೂಯಿಟ್; ಬೇಸ್ ಗಿಟಾರ್ ಬಾರಿಸುವವನೂ ಅವನೇ. ಕೆಂಟಕಿಯ ಗುಡ್ಡಗಾಡಿನಿಂದ ಬಂದ ಮನೆತನ, ಬ್ರೆಡ್ಡಿನ ವ್ಯಾನ್ ಓಡಿಸುವ ಕೆಲಸ. ಕಾರ್ಖಾನೆಯ ಒಳಗೆ ಕಾಲಿಟ್ಟವನಲ್ಲ. ಮಾತುಗಳನ್ನು ಜೆನನ್ ಬರೆದು ಅವನ ಕೈಗಿತ್ತ. ಹಾಡಿನ ಹೆಸರು 'ಕೈ ತೆಗಿ'.

ಒಂದು ಏಟು ಕಂಪನಿಗೆ, ಒಂದು ಏಟು ಬಾಗಿಲಿಗೆ,
ನಡುವೆ ಇಷ್ಟು ಜಾಗವುಂಟು ಬಡವನ ಕೈಗೆ.
ಎಡದ ಗುಂಡಿಗೆ ಬೆಣೆ ಹೊಡೆದ ಕೈ ಮನೆಗೆ ಹೋಗಿ ಉಂಡಿತು,
ಸುತ್ತಿಗೆ ಹಿಡಿದವನ ಮುಖವ ನನ್ನ ಕಣ್ಣು ಕಂಡಿತು.

"ಇದನ್ನ ನಿಮ್ಮಕ್ಕ ಕೇಳಿದಾಳಾ?" ಎಂದ ಲಾಯ್ಡ್.

"ಅವಳಿಗೆ ಇಂಥ ಹಾಡು ಹಿಡಿಸಲ್ಲ," ಎಂದ ಜೆನನ್, ಬೇರೆ ಕಡೆ ನೋಡುತ್ತ.

ಬೇಸಿಗೆಯಲ್ಲಿ ಆ ಹಾಡನ್ನು ಯೂನಿಯನ್ ಹಾಲ್‌ಗಳಲ್ಲಿ, ಹಳೆಯ ಡ್ಯಾನ್ಸ್ ಹಾಲ್‌ಗಳಲ್ಲಿ ಹಾಡಿದರು. ಅದು ಎಲ್ಲಿ ನಡೆದರೂ ಜನ ಕುಣಿಯುವುದನ್ನು ಬಿಟ್ಟು ವೇದಿಕೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ನ್ಯೂಯಾರ್ಕಿನ ರೆಕಾರ್ಡ್ ಕಂಪನಿಯೊಂದರ ಹ್ಯಾಸ್ಕೆಟ್ ಎಂಬವನು ಒಮ್ಮೆ ಹಿಂದಿನ ಸಾಲಿನಲ್ಲಿ ನಿಂತು ಕೇಳಿ, ಆಗಸ್ಟಿನ ಒಂದು ಭಾನುವಾರಕ್ಕೆ ಸ್ಟುಡಿಯೋ ಗೊತ್ತುಮಾಡಿದ.

ಸ್ಟುಡಿಯೋ ಎಂದರೆ ಮೊದಲು ಬ್ಯಾಂಕ್ ಆಗಿದ್ದ ಕಟ್ಟಡ. ಗೋಡೆಗಳಿಗೆ ಹಳೇ ಕಂಬಳಿ ಹೊಡೆದಿದ್ದರು. ಟೇಪಿನ ಯಂತ್ರ ನಡೆಸುತ್ತಿದ್ದವನು ಆರ್ವೋ, ಉತ್ತರದ ತಾಮ್ರದ ಗಣಿಗಳ ಕಡೆಯ ಫಿನ್ನಿಷ್ ಮುದುಕ; ಬಾಯಿ ತೆರೆಯುವುದೇ ಅಪರೂಪ. ಮೂವರೂ ಹತ್ತು ಗಂಟೆಗೆ ಬಂದು ಮೊದಲ ಟೇಕ್ ಬಾರಿಸಿದರು. ಹ್ಯಾಸ್ಕೆಟ್ ಗಾಜಿನ ಹಿಂದಿನಿಂದ ಎದ್ದು ಒಳಗೆ ಬಂದ.

"ಗಟ್ಟಿಯಾಗಿದೆ. ಚೆನ್ನಾಗಿದೆ. ಎರಡೇ ಎರಡು ಮಾತು," ಎಂದ. "ಈ ನಡುವೆ ನಿಲ್ಲಿಸ್ತೀರಲ್ಲ, ಅಲ್ಲಿ ಆರ್ಗನ್ ತುಂಬೋಣ. ರೇಡಿಯೋದೋರಿಗೆ ಖಾಲಿ ಜಾಗ ಅಂದ್ರೆ ಪ್ರಾಣ ಹೋಗುತ್ತೆ. ಇನ್ನೊಂದು, ಈ ಗುಂಡಿ, ಬೆಣೆ, ಬಾಗಿಲು. ಕ್ಯಾಲಿಫೋರ್ನಿಯಾದ ಹುಡುಗನಿಗೆ ಬೆಣೆ ಏನು ಗೊತ್ತು? ಹುಡುಗಿ ಅನ್ನಿ. ಹುಡುಗಿ ಬಾಗಿಲು ಹಾಕ್ಕೊಂಡ್ಳು, ಇವನು ಹೊರಗೆ ನಿಂತಿದಾನೆ. ಬಾಗಿಲು ಹೇಗಿದ್ರೂ ಇದೆಯಲ್ಲ."

ಜೆನನ್ ಗಿಟಾರ್ ಕೆಳಗಿಟ್ಟ. "ಆ ಜಾಗದಲ್ಲಿ ನಮ್ಮ ಭಾವ ಸತ್ತ," ಎಂದ.

"ಕ್ಷಮಿಸಿ, ನನಗೆ ಗೊತ್ತಿರ್ಲಿಲ್ಲ. ಆದ್ರೆ ಹಾಡು ಕೇಳೋರಿಗೂ ಗೊತ್ತಿರಲ್ಲ ನೋಡಿ."

"ಮಿಸ್ಟರ್ ಹ್ಯಾಸ್ಕೆಟ್, ಅಲ್ಲಿ ಆರ್ಗನ್ ಬಂದ್ರೆ ನಾನು ಆ ಆರ್ಗನ್ನಿಗೆ ಬೆಂಕಿ ಇಡ್ತೀನಿ."

ಲಾಯ್ಡ್ ನಡುವೆ ಬಂದ. "ಲೋ, ಸಮಾಧಾನ. ಹುಡುಗಿ ಅಂದ್ರೆ ಏನೀಗ? ಹಾಡು ಹೊರಗೆ ಬರ್ಲಿ ಮೊದಲು. ನಾನು ಜೀವನಪೂರ್ತಿ ಬ್ರೆಡ್ ಹಂಚ್ಕೊಂಡು ಇರ್ಬೇಕಾ?"

ಜೆನನ್ ಅವನ ಅಂಗಿಯ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿಬಿಟ್ಟ. ಡ್ವೈಟ್ ಎದ್ದು ಬಂದು ಇಬ್ಬರನ್ನೂ ಬಿಡಿಸುವ ಹೊತ್ತಿಗೆ ಲಾಯ್ಡ್‌ನ ಅಂಗಿಯ ಎರಡು ಗುಂಡಿ ಕಿತ್ತು ನೆಲದಲ್ಲಿದ್ದವು. ಹ್ಯಾಸ್ಕೆಟ್ ಗಾಜಿನ ಹಿಂದಕ್ಕೆ ಹೋಗಿ ಕೂತ. "ಸರಿ, ಇವತ್ತು ನಿಮ್ಮ ಥರಾನೇ ಮಾಡಿ," ಎಂದ. ಆಮೇಲೆ ತನಗೆ ಬೇಕಾದ ಹಾಗೆ ಮಾಡಿಕೊಳ್ಳುವವನ ದನಿ ಅದು. ಸಿಟ್ಟಿನಲ್ಲಿದ್ದ ಜೆನನ್ ಅದನ್ನು ಗಮನಿಸಲಿಲ್ಲ.

ಆಮೇಲಿನ ಏಳು ಟೇಕ್‌ಗಳೂ ಕೆಟ್ಟವು, ಏಳೂ ಲಾಯ್ಡ್‌ನಿಂದ. ಪ್ರತಿ ಸಲವೂ ಬಿಡುವು ಮುಗಿಯುವ ಮೊದಲೇ ಬಾಯಿ ಹಾಕುತ್ತಿದ್ದ. ಅದಾದ ಮೇಲೆ ಡ್ವೈಟ್ ಕೋಲು ಕೆಳಗಿಟ್ಟ.

"ಲಾಯ್ಡ್, ಬಾ ಇಲ್ಲಿ."

"ಏನು?"

"ಬಾ. ಈ ಡ್ರಮ್ಮಿನ ಮೇಲೆ ಈ ಸಿಗರೇಟ್ ಪ್ಯಾಕ್ ಇಟ್ಟಿದೀನಿ. ನಾನು ಎರಡು ಏಟು ಹಾಕ್ತೀನಿ. ನಿಲ್ಲಿಸ್ದಾಗ ನೀನು ಹಳೇದು ತೆಗೆದು, ಹೊಸ ಪ್ಯಾಕ್ ಇಟ್ಟು, ಕೈ ಹಿಂದೆ ತಗೋಬೇಕು. ನಾನು ನಿನಗಾಗಿ ಕಾಯಲ್ಲ. ಪ್ರೆಸ್ಸೂ ಕಾಯಲ್ಲ."

ಲಾಯ್ಡ್ ನಗುತ್ತ ಬಂದ. ಮೊದಲ ನಾಲ್ಕು ಸಲ ನಗುತ್ತಲೇ ತೆಗೆದಿಟ್ಟ. ಡ್ವೈಟ್ ನಿಲ್ಲಿಸಲಿಲ್ಲ. ಹತ್ತಾಯಿತು, ಇಪ್ಪತ್ತಾಯಿತು. ಲಾಯ್ಡ್‌ನ ನಗು ಹೋಗಿ ಹಣೆಯಲ್ಲಿ ಬೆವರು ಬಂತು. "ಸಾಕು ಕಣೋ," ಎಂದ. "ಗಂಟೆಗೆ ಐನೂರು," ಎಂದ ಡ್ವೈಟ್, "ದಿನಕ್ಕೆ ಎಂಟು ಗಂಟೆ." ಮೂವತ್ತೊಂದನೆಯ ಸಲ ಪ್ಯಾಕ್ ಜಾರಿತು. ಅದನ್ನು ಸರಿಮಾಡಲು ಲಾಯ್ಡ್ ಒಂದು ಕ್ಷಣ ಹೆಚ್ಚು ತೆಗೆದುಕೊಂಡ. ಕೋಲು ಅವನ ಬೆರಳ ಗೆಣ್ಣುಗಳ ಮೇಲೆ ತನ್ನ ಪೂರ್ತಿ ಭಾರದೊಂದಿಗೆ ಬಿತ್ತು.

ಲಾಯ್ಡ್ ಚೀರಿ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕುಕ್ಕರಿಸಿದ. ಎದ್ದಾಗ ಮುಖ ಕೆಂಪಗಿತ್ತು. ಎರಡು ಬೆರಳು ಆಗಲೇ ಊದಿದ್ದವು.

"ಬೇಕೂಂತ ಹೊಡೆದೆ ನೀನು."

"ನಾನು ಹೊಡೀತಾನೇ ಇದ್ದೆ. ಕೈ ಇಟ್ಟೋನು ನೀನು. ಅಜಾಗರೂಕತೆ," ಎಂದ ಡ್ವೈಟ್.

ಲಾಯ್ಡ್ ಅವನನ್ನೇ ನೋಡುತ್ತ ನಿಂತ. ಆ ಶಬ್ದ ಎಲ್ಲಿಯದೆಂದು ಅವನಿಗೆ ಗೊತ್ತಿತ್ತು. ಬೇಸ್ ಗಿಟಾರ್ ಎತ್ತಿ, ಊದಿದ ಬೆರಳಿನಲ್ಲೇ ತಂತಿ ಹಿಡಿದು, ಮೈಕಿನ ಮುಂದೆ ಹೋಗಿ, "ಟೇಪ್ ಓಡಿಸಯ್ಯಾ," ಎಂದ.

ಆ ಟೇಕಿನಲ್ಲಿ ಅವನು ಹಾಡಿದ ಹಾಗೆ ಮುಂದೆ ಯಾವತ್ತೂ ಹಾಡಲಿಲ್ಲ. ಪ್ರತಿ ಸಾಲಿನ ತುದಿಯಲ್ಲೂ ಗಂಟಲು ಹರಿಯುವ ಹಾಗೆ ಕೂಗಿದ. ಬಿಡುವು ಬಂದಾಗ ಬಾಯಿ ಮುಚ್ಚಿ, ಮೈಯೆಲ್ಲ ಬಿಗಿಹಿಡಿದು ಕಾದ. ಆ ಮೌನದಲ್ಲಿ ಆಂಪ್ಲಿಫೈಯರುಗಳ ಗುಂಯ್‌ಗುಡುವಿಕೆ ಮಾತ್ರ ಉಳಿದಿತ್ತು. ಅದನ್ನು ತೆಗೆಯಬೇಕೆಂದು ಹ್ಯಾಸ್ಕೆಟ್ ಹೇಳಿದಾಗ ಆರ್ವೋ ಅಂದು ಮೊದಲ ಸಲ ಬಾಯಿ ತೆರೆದ: "ಯಂತ್ರ ಅಂದ್ಮೇಲೆ ಗುಂಯ್ ಅನ್ನುತ್ತೆ. ಬಿಡಿ."

ರೆಕಾರ್ಡು ಅಕ್ಟೋಬರಿನಲ್ಲಿ ಬಂತು. ಜೆನನ್ ಅದನ್ನು ಮೊದಲು ಕೇಳಿದ್ದು ಕಾರ್ಖಾನೆಯ ಗೇಟಿನೆದುರು ನಿಲ್ಲಿಸಿದ ಕಾರಿನಲ್ಲಿ, ಊಟದ ಬಿಡುವಿನಲ್ಲಿ, ರೇಡಿಯೋದಿಂದ. ಎರಡು ಏಟು ಬಿತ್ತು, ತಕ್ಷಣ ಇನ್ನೆರಡು ಏಟು ಬಿತ್ತು. ನಡುವಿನ ಜಾಗ ಇಲ್ಲವೇ ಇಲ್ಲ. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದರು. ಹಾಡು ಕುಣಿಯುವ ಹಾಗೆ ಹಗುರಾಗಿ ಓಡುತ್ತಿತ್ತು. ಬೆಣೆಯ ಚರಣವನ್ನು ಪೂರ್ತಿ ಎತ್ತಿ ಬಿಸಾಕಿದ್ದರು. ಪಕ್ಕದ ಕಾರಿನ ಹುಡುಗಿಯೊಬ್ಬಳು ಸ್ಟೀರಿಂಗಿನ ಮೇಲೆ ತಾಳ ಹಾಕಿದಳು.

ಜೆನನ್ ಸ್ಯಾಂಡ್‌ವಿಚ್ಚನ್ನು ಕಿಟಕಿಯಿಂದಾಚೆ ಎಸೆದು ಮಧ್ಯಾಹ್ನದ ಕೆಲಸಕ್ಕೆ ಹೋಗದೆ ನೇರ ಸ್ಟುಡಿಯೋಗೆ ಬಂದ. ಆರ್ವೋ ಒಬ್ಬನೇ ಇದ್ದ.

"ಯಾರು ಕತ್ತರಿಸಿದ್ದು?"

"ನಾನೇ."

"ನೀನು ಮನುಷ್ಯನಾ?"

"ಕತ್ತರಿಸು ಅಂದ್ರು, ಕತ್ತರಿಸ್ದೆ. ನೀನು ಯಾವತ್ತೂ ಅವರು ಹೇಳಿದ್ದನ್ನ ಮಾಡಿಲ್ವಾ?" ಮುದುಕ ಎದ್ದು ಕಪಾಟಿನಿಂದ ಒಂದು ಚಪ್ಪಟೆ ಡಬ್ಬಿ ತೆಗೆದು ಮೇಜಿನ ಮೇಲೆ ತಳ್ಳಿದ. "ಬ್ಲೇಡ್ ಹಿಡಿಯೋ ಮುಂಚೆ ಇದೊಂದು ಪ್ರತಿ ಮಾಡ್ಕೊಂಡೆ. ಮಾಡ್ಬೇಡ ಅಂತ ಯಾರೂ ಹೇಳಿರ್ಲಿಲ್ಲ. ತಗೊಂಡು ನಡಿ. ನನ್ನ ಹೆಸರು ಹೇಳ್ಬೇಡ."

ಬೈಯಲೆಂದು ಬಂದ ಜೆನನ್ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಮುದುಕ ಏನನ್ನೂ ಅರಿಯದೆ ಕೇಳಿದ ಪ್ರಶ್ನೆ ಅವನಿಗೆ ಕಪಾಳಕ್ಕೆ ಹೊಡೆದಂತಾಗಿತ್ತು.

ಡೆಲ್ಫೀನ್ ಎಂಬ ಹೆಂಗಸು ಊರಿನ ಒಂದು ರೇಡಿಯೋದಲ್ಲಿ ಮಧ್ಯಾಹ್ನ ಮೂರರಿಂದ ಆರರವರೆಗೆ ಹಾಡು ಹಾಕುತ್ತಿದ್ದಳು. ಯಾರ ಮಾತನ್ನೂ ಕೇಳದವಳೆಂದು ಹೆಸರಾಗಿದ್ದಳು. ಜೆನನ್ ಡಬ್ಬಿ ಹಿಡಿದು ಅಲ್ಲಿಗೆ ಹೋದ. ಅವಳು ಹಾಡನ್ನು ಒಮ್ಮೆ ತಾನು ಕೇಳಿದಳು. ಆಮೇಲೆ ಏನನ್ನೂ ಕೇಳದೆ ಮೈಕಿನ ಹತ್ತಿರ ಬಾಗಿ, "ಇದು ಕತ್ತರಿಸದೇ ಇರೋದು," ಎಂದಷ್ಟೇ ಹೇಳಿ ಟೇಪ್ ಓಡಿಸಿದಳು.

ಮೊದಲ ಬಿಡುವು ಬರುತ್ತಲೇ ಫೋನುಗಳು ಶುರುವಾದವು. ನಿಮ್ಮ ಸ್ಟೇಷನ್ ಕೆಟ್ಟಿದೆ ಎಂದರು. ಟೇಪ್ ಸಿಕ್ಕಿಹಾಕಿಕೊಂಡಿದೆ ಎಂದರು. ಹಾಡು ಮುಗಿದ ಮೇಲೆ ಬಂದ ಫೋನಿನಲ್ಲಿ ಒಬ್ಬ ವಯಸ್ಸಾದ ಗಂಡಸು ಮೆಲ್ಲಗೆ, "ಅಮ್ಮಾ, ಅದು ಎಷ್ಟು ಟನ್ನಿನ ಪ್ರೆಸ್ಸು?" ಎಂದು ಕೇಳಿದ. ಡೆಲ್ಫೀನ್ ಫೋನನ್ನು ಜೆನನ್‌ನ ಕೈಗೆ ಕೊಟ್ಟಳು. "ಇನ್ನೂರೈವತ್ತು," ಎಂದ ಜೆನನ್. "ಹಾಗೇ ಅನ್ಕೊಂಡೆ. ನಮ್ಮಲ್ಲೂ ಬೆಣೆ ಹೊಡೆದಿದಾರೆ," ಎಂದು ಆ ಮನುಷ್ಯ ಫೋನ್ ಇಟ್ಟ.

ಅವಳು ಅಂದು ಆ ಹಾಡನ್ನು ಮೂರು ಸಲ ಹಾಕಿದಳು. ಒಂದೇ ವಾರದಲ್ಲಿ ಊರಿನ ಬೇರೆ ಸ್ಟೇಷನ್ನಿನವರೂ ಅದೇ ಬೇಕೆಂದರು. ಹ್ಯಾಸ್ಕೆಟ್‌ನ ಕಂಪನಿ ಸದ್ದಿಲ್ಲದೆ ತನ್ನ ರೆಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು, ಬಿಡುವಿನ ಸಮೇತ ಮತ್ತೆ ಒತ್ತಿಸಿತು. ಇವತ್ತಿಗೂ ಜನ ಕೇಳುವುದು ಅದನ್ನೇ.

ಜೆನನ್ ಗೆದ್ದೆನೆಂದುಕೊಂಡ. ಆ ಶುಕ್ರವಾರ ಸಂಜೆ ಕೆಲಸದಿಂದ ಬಂದಾಗ ಹಲೀನಾ ಅವನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬೇಕರಿಯ ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಬೇಕರೀಲಿ ರೇಡಿಯೋ ಹಾಕಿದ್ರು," ಎಂದಳು.

"ಹಲೀನಾ, ನಿನಗೆ ಮೊದಲೇ ಹೇಳ್ಬೇಕಿತ್ತು, ನಾನು..."

"ನಾನು ಹಾಡಿನ ಮಾತಾಡ್ತಿಲ್ಲ. ನನಗೆ ಒಂದೇ ಒಂದು ಹೇಳು. ಸುತ್ತಿಗೆ ಹಿಡಿದೋನ ಮುಖ ನನ್ನ ಕಣ್ಣು ಕಂಡಿತು ಅಂತ ಬರುತ್ತಲ್ಲ, ಅದು ಯಾರ ಕಣ್ಣು?"

ಜೆನನ್ ಊಟದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ.

"ನೀನು ಪ್ರೆಸ್ ಕಡೆ ತಿರುಗಿದ್ದೆ ಅಂದೆ. ಎಂಟು ತಿಂಗಳು ಭಾನುವಾರ ಭಾನುವಾರ ನನ್ನ ಮೇಜಲ್ಲಿ ಕೂತು ಸೂಪ್ ಕುಡಿದೆ. ಕುಡಿದು ಸತ್ತ ಅಂತ ಬೀದಿಯಲ್ಲಿ ಹೆಂಗಸರು ಮಾತಾಡ್ಕೊಂಡ್ರು, ಪಾದ್ರಿ ಕೂಡ ಕೇಳ್ದ, ನೀನು ಉಪ್ಪು ಕೊಡು ಅಂದೆ. ನನಗೆ ಹೇಳೋಕೆ ಬಾಯಿ ಬರ್ಲಿಲ್ಲ. ಊರಿಗೆಲ್ಲ ಗಿಟಾರ್ ಹೊಡ್ಕೊಂಡು ಹೇಳೋಕೆ ಬಂತು."

"ಏನೂ ನೋಡ್ಲಿಲ್ಲ ಅಂತ ಬರೆದು ಕ್ರ್ಯಾಂಡಲ್ ಸೈನ್ ಕೇಳ್ದ. ಹಾಕ್ದೇ ಇದ್ರೆ ಕೆಲಸ ಹೋಗ್ತಿತ್ತು."

"ಹೋಗ್ಲಿ," ಎಂದಳು ಹಲೀನಾ. "ಅವನ ಪ್ರಾಣ ಹೋಯ್ತು, ನಿನ್ನ ಕೆಲಸ ಹೋಗ್ಲಿ. ನಿನಗೆ ಸಿಟ್ಟು ಬಂದ್ರೆ ಬಾರಿಸೋಕೆ ಡಬ್ಬ ಇದೆ, ಕೂಗೋಕೆ ಮೈಕ್ ಇದೆ. ನನ್ನ ಸಿಟ್ಟನ್ನ ನಾನು ಎಲ್ಲಿಟ್ಕೊಳ್ಳಲಿ? ಹಿಟ್ಟಲ್ಲಿ ನಾದ್ಲಾ?"

ಅವನು ಅವಳ ಪಕ್ಕ ಕೂರಲು ಹೋದ. "ಕೂರ್ಬೇಡ," ಎಂದಳು. "ನಿಂತ್ಕೊಂಡೇ ಕೇಳು. ಸೋಮವಾರ ರಾಜ್ಯ ಸರ್ಕಾರದ ಕಾರ್ಮಿಕ ಆಫೀಸಿಗೆ ನಾನು ಅರ್ಜಿ ಕೊಡ್ತೀನಿ. ಅವರು ನಿನ್ನ ಕರೀತಾರೆ. ಹಾಡಲ್ಲಿ ಹೇಳಿದ್ದನ್ನ ಅಲ್ಲಿ ಹೇಳು. ಇಲ್ದಿದ್ರೆ ನನಗೆ ತಮ್ಮ ಇರ್ಲಿಲ್ಲ ಅಂದ್ಕೊಳ್ತೀನಿ."

ವಿಚಾರಣೆ ನಡೆದದ್ದು ಡಿಸೆಂಬರ್ ಎರಡನೇ ವಾರ, ಡೆಟ್ರಾಯಿಟ್‌ನ ಒಂದು ಕಟ್ಟಡದ ಆರನೇ ಮಹಡಿಯಲ್ಲಿ. ಕಂಪನಿಯ ವಕೀಲ ಜೆನನ್‌ನ ಸೈನ್ ಇದ್ದ ಕಾಗದವನ್ನು ಎತ್ತಿ ತೋರಿಸಿದ.

"ಇದು ನಿಮ್ಮ ಸೈನೇ?"

"ನಂದೇ."

"ಇದರಲ್ಲಿ ಏನೂ ನೋಡ್ಲಿಲ್ಲ ಅಂತಿದೆ."

"ಸುಳ್ಳು ಬರೆದಿದೆ. ನಾನು ಸುಳ್ಳಿಗೆ ಸೈನ್ ಹಾಕ್ದೆ."

"ಅಂದ್ರೆ ನೀವು ಸುಳ್ಳುಗಾರ. ಈಗ ಹೇಳೋದು ಯಾಕೆ ನಿಜ ಅಂತ ನಂಬಬೇಕು? ಹಾಡು ಚೆನ್ನಾಗಿ ಮಾರಾಟ ಆಗ್ತಿದೆಯಂತೆ?"

ಜೆನನ್‌ನ ಕಿವಿಯೆಲ್ಲ ಬಿಸಿಯಾಯಿತು. ಮೇಜು ಉರುಳಿಸಿ ಆ ಮನುಷ್ಯನ ಟೈ ಹಿಡಿಯಬೇಕೆನ್ನಿಸಿತು. ಹಿಂದಿನ ಬೆಂಚಿನಲ್ಲಿ ಹಲೀನಾ ಕದಲದೆ ಕೂತಿದ್ದಳು. ಅವನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು, ಸೋಮವಾರ ಸಂಜೆ ಎಷ್ಟು ಗಂಟೆಗೆ ಕ್ರ್ಯಾಂಡಲ್ ಬಂದ, ಸುತ್ತಿಗೆ ಯಾವ ಕೈಯಲ್ಲಿತ್ತು, ಎಷ್ಟು ಏಟು ಹೊಡೆದ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಅವನ ನಂತರ ಡ್ವೈಟ್ ಎದ್ದು, ಎರಡನೇ ಪಾಳಿಯ ಹದಿನಾಲ್ಕು ಪ್ರೆಸ್ಸುಗಳಿಗೂ ಬೆಣೆ ಇದ್ದವೆಂದೂ, ಬ್ರುನೋ ಸತ್ತ ದಿನವೇ ಅವನ್ನು ಕಿತ್ತವರು ಮುಂದಿನ ವಾರ ಮತ್ತೆ ಹೊಡೆದರೆಂದೂ ಹೇಳಿದ. "ನೀವೂ ಹಾಡಿನಲ್ಲಿ ಇದೀರಲ್ವಾ?" ಎಂದ ವಕೀಲ. "ಇದೀನಿ ಸಾರ್," ಎಂದ ಡ್ವೈಟ್, "ನಾಳೆ ಮಧ್ಯಾಹ್ನ ಪಾಳೀಲೂ ಇರ್ತೀನಿ, ನೀವು ಬಿಟ್ರೆ."

ಅವರು ಬಿಡಲಿಲ್ಲ. ಕ್ರಿಸ್ಮಸ್‌ಗೆ ಮುಂಚೆ ಇಬ್ಬರಿಗೂ ಗೇಟು ಮುಚ್ಚಿತು.

ತೀರ್ಪು ಜನವರಿಯಲ್ಲಿ ಬಂತು. 'ಅಜಾಗರೂಕತೆ' ಎಂಬ ಶಬ್ದವನ್ನು ಹೊಡೆದುಹಾಕಿ, ಸುರಕ್ಷತೆಯ ಗುಂಡಿಯನ್ನು ಮೇಲ್ವಿಚಾರಕನೇ ಕೆಡಿಸಿದ್ದನೆಂದು ಬರೆದಿದ್ದರು. ಹಲೀನಾ ಅದನ್ನು ಕೈಯಲ್ಲಿ ಹಿಡಿದು ಅದೇ ಆರನೇ ಮಹಡಿಯ ಕಿಟಕಿಯ ಮುಂದೆ ನಿಂತಳು. ಆಫೀಸಿನ ಗುಮಾಸ್ತೆಯನ್ನು, "ಕ್ರ್ಯಾಂಡಲ್‌ಗೆ ಏನಾಯ್ತು?" ಎಂದು ಕೇಳಿದಳು.

ಗುಮಾಸ್ತೆ ಕಾಗದ ತಿರುವಿ, ಸ್ವಲ್ಪ ಮುಜುಗರದಿಂದ, "ಅವರನ್ನ ಟೊಲಿಡೋ ಕಾರ್ಖಾನೆಗೆ ವರ್ಗ ಮಾಡಿದಾರೆ. ಅಲ್ಲಿ ಪ್ರೆಸ್ ವಿಭಾಗಕ್ಕೆಲ್ಲ ಅವರೇ ಮುಖ್ಯಸ್ಥರು," ಎಂದಳು.

ಅಕ್ಕ, ತಮ್ಮ ಇಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದರು. ಬೀದಿಯಲ್ಲಿ ಹಿಮ ಕೆಸರಾಗಿ ಬಿದ್ದಿತ್ತು. ಡ್ವೈಟ್ ತನ್ನ ಹಳೇ ಕಾರಿನ ಎಂಜಿನ್ ಶುರುಮಾಡಿ ಕಾಯುತ್ತಿದ್ದ. ಜೆನನ್ ಹಿಂದಿನ ಬಾಗಿಲು ತೆರೆದು ಹಿಡಿದು, "ಮನೆಗೆ ಬಿಡ್ತೀವಿ, ಬಾ," ಎಂದ.

ಹಲೀನಾ ಹಿಂದಿನ ಸೀಟಿನಲ್ಲಿ ಕೂತಳು. ತೀರ್ಪಿನ ಕಾಗದವನ್ನು ಮಡಿಸಿ ಕೈಚೀಲದಲ್ಲಿಟ್ಟು ಝಿಪ್ ಎಳೆದಳು.

"ಟೊಲಿಡೋಗೆ ಎಷ್ಟು ಹೊತ್ತು ಹಿಡಿಯುತ್ತೆ?" ಎಂದಳು.

"ಒಂದು ಗಂಟೆ," ಎಂದ ಡ್ವೈಟ್. "ರಸ್ತೆ ಹೀಗಿದೆ, ಒಂದೂಕಾಲು ಅನ್ಕೊಳ್ಳಿ."

"ಅಲ್ಲಿ ಪಾಳಿ ಬದಲಾಗೋದು ಮೂರೂವರೆಗೆ ಅಲ್ವಾ? ಗೇಟಿನ ಹತ್ರ ಕೆಲಸದೋರೆಲ್ಲ ಸಿಕ್ತಾರೆ. ಈ ಕಾಗದ ಅವರಿಗೆ ಓದಿ ಹೇಳ್ಬೇಕು." ಅವಳು ಕೈಗವಸು ಹಾಕಿಕೊಂಡಳು. "ಗಾಡಿ ತಿರುಗಿಸು. ಜೆನನ್, ನೀನು ಮುಂದೆ ಕೂರು, ದಾರಿ ನೋಡ್ತಿರು."